ಹಳೆಯ ಕಾರಿನ ಎಂಜಿನ್ನನ್ನು ಗುರುತಿಸಿದ ಬಗೆ

(ನಾಶಿಕದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವಾದರೋ ಎಣ್ಣೆ ಮೆತ್ತಿದ ಒಂದು ಎಂಜಿನ್ನಿನ ಸಂಗತಿ ಹೇಳಲು ನಿಂತಿದ್ದೇವೆ. ತಾವು ಮನ್ನಿಸಬೇಕು. ಆದರೆ ಈ ಸಂಗತಿಗೂ ಕನ್ನಡಿಗರಿಗೂ ಸಂಬಂಧವಿಲ್ಲದೆ ಇಲ್ಲ.

ಕಳೆದ ವರ್ಷ ನಾವು ನಾಲ್ವರು ಮಿತ್ರರು ಹಣ ಕೂಡಿಸಿ, ಹಿಂದೆ ಔರಂಗಾಬಾದೆನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಿ 1948ರ ಒಂದು ಪ್ಲಿಮತ್ ಕಾರನ್ನು ಕೊಂಡೆವು. ಅದು ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರು. ಅನೇಕ ವರ್ಷ ಶೆಡ್ಡಿನಲ್ಲಿ ಧೂಳು ತಿಂದದ್ದು. "ಸಾಹೇಬರೆ, ಹುಟ್ಟಿದಾಗಿನ ಎಂಜಿನ್ನೇ ಇದೆ, ಯಾರೂ ಕೈ ಹಚ್ಚಿಲ್ಲ" ಎಂದು ಮಾರಿದವರು ಹೇಳಿದರು. ನಂಬಿದೆವು. ಲಾರಿಯ ಮೇಲೆ ಹೇರಿಸಿ ವೈಜಾಪುರ, ಯೇವಲಾ ಮಾರ್ಗವಾಗಿ ನಾಶಿಕಕ್ಕೆ ತಂದೆವು.

ನಮ್ಮಲ್ಲಿ ಇಬ್ಬರ ತಂದೆಯವರು ಬೆಂಗಳೂರಿನಿಂದ ಓಝರಿನ ವಿಮಾನ ಕಾರ್ಖಾನೆಗೆ ಬಂದವರು. ಆ ಮನೆತನದ ಹಿರಿಯರೊಬ್ಬರು ಕಾರನ್ನು ನೋಡಿ, "ಮಾತನ್ನು ನಂಬಬೇಡಿರಪ್ಪ, ಕಬ್ಬಿಣವನ್ನು ಕೇಳಿರಿ" ಎಂದರು. ಕೇಳತೊಡಗಿದೆವು.

ಮೊದಲ ಪ್ರಶ್ನೆ, ಪೆಟ್ರೋಲ್ ಎಂಜಿನ್ನೋ ಡೀಸೆಲ್ಲೋ ಎಂಬುದು. 1973ರ ಬಳಿಕ ಪೆಟ್ರೋಲಿನ ಬೆಲೆ ಏರಿದಾಗ ನಮ್ಮ ದೇಶದಲ್ಲಿ ಎಷ್ಟೋ ದೊಡ್ಡ ಅಮೆರಿಕನ್ ಕಾರುಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸಿದರು. ಸ್ಪಾರ್ಕ್ ಪ್ಲಗ್ಗು, ಕಾರ್ಬುರೇಟರ್ ಇದ್ದರೆ ಪೆಟ್ರೋಲು. ಇಂಧನದ ಪಂಪಿನಿಂದ ಪ್ರತಿ ಸಿಲಿಂಡರಿಗೂ ಉಕ್ಕಿನ ಸಣ್ಣ ನಳಿಗೆ ಹೋಗಿದ್ದರೆ ಡೀಸೆಲ್ಲು. ನಮ್ಮದರಲ್ಲಿ ಆರು ಪ್ಲಗ್ಗುಗಳು ಸಾಲಾಗಿದ್ದವು. ಸಮಾಧಾನವಾಯಿತು.

ಎರಡನೆಯದು, ವಾಲ್ವುಗಳ ಸ್ಥಾನ. ಆ ಕಾಲದ ಷೆವ್ರೊಲೆಟ್ ಕಾರಿನ ಆರು ಸಿಲಿಂಡರಿನ ಎಂಜಿನ್ನಿಗೆ ವಾಲ್ವುಗಳು ಮೇಲ್ಗಡೆ ಇರುತ್ತವೆ. ಅವುಗಳ ಮೇಲೆ ಉದ್ದನೆಯ ತಗಡಿನ ಮುಚ್ಚಳವಿರುತ್ತದೆ. ಪ್ಲಿಮತ್, ಡಾಡ್ಜ್, ಡಿಸೋಟೊಗಳ ಆರು ಸಿಲಿಂಡರಿನ ಎಂಜಿನ್ನಿಗೆ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ. ಮೇಸ್ತ್ರಿಗಳು ಇದನ್ನು ಸೈಡ್ ವಾಲ್ವ್ ಎನ್ನುತ್ತಾರೆ. ಇದರ ತಲೆ ಚಪ್ಪಟೆ. ಪ್ಲಗ್ಗುಗಳು ಆ ತಲೆಯ ಮೇಲೆಯೇ ನಿಂತಿರುತ್ತವೆ. ನಮ್ಮದು ಹಾಗೆಯೇ ಇದ್ದಿತು.

ಆದರೆ ಕ್ರೈಸ್ಲರ್ ಮನೆಯಲ್ಲಿಯೂ ದಾಯಾದಿಗಳುಂಟು. ಅಮೆರಿಕದ ಪ್ಲಿಮತ್, ಡಾಡ್ಜ್ ಕಾರುಗಳ ಎಂಜಿನ್ನಿನ ತಲೆ ಸುಮಾರು 23 ಅಂಗುಲ ಉದ್ದ. ಡಿಸೋಟೊ, ಕ್ರೈಸ್ಲರ್ ಕಾರುಗಳದು ಸುಮಾರು 25 ಅಂಗುಲ. ಕೆನಡಾದಲ್ಲಿ ತಯಾರಾದ ಪ್ಲಿಮತ್ತಿಗೂ ಈ ಉದ್ದನೆಯ ಎಂಜಿನ್ನನ್ನೇ ಹಾಕುತ್ತಿದ್ದರು. ಒಂದರ ಗ್ಯಾಸ್ಕೆಟ್ಟು ಇನ್ನೊಂದಕ್ಕೆ ಕೂಡುವುದಿಲ್ಲ. ಆದುದರಿಂದ ಸಾಮಾನು ತರಿಸುವ ಮುನ್ನ ಅಳತೆಪಟ್ಟಿ ಹಿಡಿಯುವುದು ಲೇಸು. ನಮ್ಮದು 23 ಅಂಗುಲದ್ದಾಯಿತು.

ಮೂರನೆಯದು, ಸಂಖ್ಯೆ. ಎರಕದಲ್ಲಿಯೇ ಉಬ್ಬಿ ಬಂದ ಅಂಕಿಗಳನ್ನು ಎಂಜಿನ್ ನಂಬರೆಂದು ಭ್ರಮಿಸುವವರು ಬಹಳ. ಅದು ಅಚ್ಚಿನ ಗುರುತು. ಒಂದೇ ಬಗೆಯ ಎಷ್ಟೋ ಎಂಜಿನ್ನುಗಳ ಮೇಲಿರುತ್ತದೆ. ನಿಜವಾದ ನಂಬರು ಒತ್ತಿ ಕೊರೆದದ್ದು. ಈ ಎಂಜಿನ್ನುಗಳಲ್ಲಿ ಅದು ಎಡಬದಿಯ ಮುಂಭಾಗದಲ್ಲಿ, ಡೈನಮೋದ ಮೇಲ್ಗಡೆ, ತಲೆಯ ಕೆಳಗೆ, ನುಣುಪಾದ ಸಣ್ಣ ಜಾಗದಲ್ಲಿರುತ್ತದೆ. ಸೀಮೆಎಣ್ಣೆ ಹಾಕಿ ತಂತಿಯ ಬ್ರಷ್ಷಿನಿಂದ ಉಜ್ಜಿದೆವು. ಅರ್ಧ ಗಂಟೆಯ ಬಳಿಕ ಅಕ್ಷರ ಮೂಡಿತು: ಪಿ 20.

ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. 1948ರ ಪ್ಲಿಮತ್ತಿನ ನಂಬರು ಪಿ 15ರಿಂದ ಮೊದಲಾಗತಕ್ಕದ್ದು; ಪಿ 20 ಎಂಬುದು 1950ರ ಮಾದರಿ. ನೋಂದಣಿ ಪುಸ್ತಕ ತೆರೆದೆವು. ಅಲ್ಲಿ ಪಿ 15 ಎಂದೇ ಇದ್ದಿತು. ಯಾವ ಕಾಲದಲ್ಲಿಯೋ ಯಾರೋ ಎಂಜಿನ್ ಬದಲಿಸಿ, ಪುಸ್ತಕವನ್ನು ಹಾಗೆಯೇ ಬಿಟ್ಟಿದ್ದರು.

ಹೊರಗಿನ ಬ್ಲಾಕು ಒಂದು, ಒಳಗಿನ ಕ್ರ್ಯಾಂಕು ಇನ್ನೊಂದು ಆಗಿರುವುದೂ ಉಂಟು. ಪ್ಲಿಮತ್, ಡಾಡ್ಜ್ ಎರಡರ ಸಿಲಿಂಡರಿನ ವ್ಯಾಸವೂ 3¼ ಅಂಗುಲ. ಪಿಸ್ಟನ್ನಿನ ಓಟ ಮಾತ್ರ ಪ್ಲಿಮತ್ತಿನಲ್ಲಿ 4⅜, ಡಾಡ್ಜಿನಲ್ಲಿ 4⅝ ಅಂಗುಲ. ಅದಕ್ಕೂ ಉಪಾಯವಿದೆ. ಆರನೆಯ ಸಿಲಿಂಡರಿನ ಮೇಲೆ ತಲೆಯಲ್ಲಿ ಒಂದು ಸಣ್ಣ ತಿರುಪಿನ ಬಿರಡೆಯುಂಟು. ಅದನ್ನು ಬಿಚ್ಚಿ, ಮೇಲಿನ ತುದಿ ಬಗ್ಗಿಸಿದ ಸೈಕಲ್ ಕಡ್ಡಿಯನ್ನು ಇಳಿಬಿಟ್ಟೆವು. ಗೇರು ತಪ್ಪಿಸಿ, ಪ್ಲಗ್ಗುಗಳನ್ನು ತೆಗೆದು, ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿದೆವು. ಕಡ್ಡಿ ಏರಿ ಇಳಿದದ್ದು 4⅜ ಅಂಗುಲ. ಅಂದರೆ 217.8 ಘನ ಅಂಗುಲದ, ನಮ್ಮ ಲೆಕ್ಕದಲ್ಲಿ ಸುಮಾರು 3.6 ಲೀಟರಿನ ಪ್ಲಿಮತ್ ಎಂಜಿನ್ನೇ. ಕುಲ ಒಂದೇ, ಹುಟ್ಟಿದ ವರ್ಷ ಬೇರೆ.

ಇಲ್ಲಿ ನಮ್ಮ ಪರೀಕ್ಷೆ ಮೊದಲಾಯಿತು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರು ಮೂಲರೂಪದಲ್ಲಿಯೇ ಉಳಿದಿದ್ದರೆ ವಿಂಟೇಜ್ ಎಂಬ ನೋಂದಣಿ ದೊರೆಯುತ್ತದೆ. ಚಾಸಿಯನ್ನಾಗಲಿ ಎಂಜಿನ್ನನ್ನಾಗಲಿ ಮಾರ್ಪಡಿಸಿರಬಾರದು. ಒಬ್ಬ ಮೇಸ್ತ್ರಿ ಮೆಲ್ಲಗೆ ಹೇಳಿದ: "ಹಳೆಯ ಅಂಕಿ ಅರೆದು ಪುಸ್ತಕದಲ್ಲಿರುವುದನ್ನೇ ಒತ್ತಿಕೊಡುತ್ತೇನೆ, ಒಂದು ಮಧ್ಯಾಹ್ನದ ಕೆಲಸ." ಸುಳ್ಳೇಕೆ, ನಮ್ಮಲ್ಲಿ ಇಬ್ಬರ ಮನಸ್ಸು ಅತ್ತ ವಾಲಿತು. ಹಣ ಹಾಕಿದ್ದೆವಲ್ಲ!

ಆಗ ಆ ಹಿರಿಯರು ಒಂದು ಹಳೆಯ ಕಥೆ ನೆನಪಿಸಿದರು. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರಕಾರದ ಸಹಾಯಕ ಎಂಜಿನಿಯರರಾಗಿ ಕೆಲಸಕ್ಕೆ ಸೇರಿದ್ದು ಇದೇ ನಾಶಿಕದಲ್ಲಿ. ಮುಂದೆ 1935ರಲ್ಲಿ, ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟಬೇಕೆಂದು ಯೂರೋಪು ಅಮೆರಿಕಗಳನ್ನು ಸುತ್ತಿಬಂದರು. ವಾಲಚಂದ ಹೀರಾಚಂದರೂ ಆ ಯತ್ನದಲ್ಲಿ ಕೂಡಿದರು. ಬೆಂಗಳೂರಿನಲ್ಲಿ ಆ ಕಾರ್ಖಾನೆ ಏಳಲಿಲ್ಲ. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಅದೇ ವಾಲಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಆ ಕಂಪನಿಯವರು ಜೋಡಿಸಿದ್ದು ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳನ್ನೇ. "ಇಂಥ ಕಾರಿನ ಹಿಂದೆ ಎಂಜಿನಿಯರರ ಶ್ರಮವಿದೆ. ಅದರ ಮೈಮೇಲೆ ಸುಳ್ಳು ಬರೆಯುವಿರಾ?" ಎಂದರು. ನಾವು ತಲೆ ತಗ್ಗಿಸಿದೆವು.

ಎಂಜಿನ್ ಬದಲಾಗಿದೆಯೆಂದು ಸಾರಿಗೆ ಕಛೇರಿಗೆ ಬರೆದುಕೊಟ್ಟಿದ್ದೇವೆ. ವಿಂಟೇಜ್ ಎಂಬ ಗೌರವ ದೊರೆಯಬಹುದು, ದೊರೆಯದೆಯೂ ಇರಬಹುದು. ಆದರೆ ನಾಳೆ ಬಾನೆಟ್ಟು ಎತ್ತುವ ನಮ್ಮ ಮಕ್ಕಳಿಗೆ ಕಬ್ಬಿಣ ಒಂದು, ಪುಸ್ತಕ ಒಂದು ಹೇಳದಂತೆ ಆದರೆ ಅಷ್ಟೇ ಸಾಕು. ಮೊನ್ನೆ ಆ ಎಂಜಿನ್ ಮೊದಲ ಸಲ ಗುಡುಗಿದಾಗ ಓಣಿಯ ಹುಡುಗರೆಲ್ಲ ಓಡಿಬಂದು, "ಇದು ಯಾವ ಊರಿನ ಕಾರು?" ಎಂದು ಕೇಳಿದರು. ಅಮೆರಿಕದ್ದು, ಸಂಭಾಜಿನಗರದ್ದು, ಈಗ ನಾಶಿಕದ್ದು ಎಂದೆವು. ಮೂರೂ ನಿಜ. ಊರು ಬಿಟ್ಟು ಬಂದ ನಮ್ಮ ಮಕ್ಕಳೂ ತಮ್ಮ ಊರನ್ನು ಕೇಳಿದವರಿಗೆ ಹೀಗೆಯೇ ಅಳುಕಿಲ್ಲದೆ ಉತ್ತರ ಹೇಳಲೆಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.