ಪರದೇಶದಲ್ಲಿ ಮನೆ ಹೂಡಿದವರು
(ಶತಮಾನೋತ್ಸವದ ಕುಟುಂಬ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣದ ಪಠ್ಯ)



ಈ ಉತ್ಸವದ ದಿನಗಳಲ್ಲಿ ನಮ್ಮ ಧರ್ಮಕೇಂದ್ರಕ್ಕಾಗಿ ದುಡಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ಕೃತಜ್ಞತೆಯಿಂದ ಸ್ಮರಿಸಿದ್ದೇವೆ. ಇಂದು ಕುಟುಂಬ ದಿನ. ಹೆಂಡತಿ ಮಕ್ಕಳಿಲ್ಲದ ನಾನೇ ಕುಟುಂಬ ಜೀವನದ ಬಗ್ಗೆ ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಕಥೋಲಿಕ ಗುರುಗಳ ಸಂಸಾರದ ಕಥೆ ಹೇಳಲು ಕುಳಿತರೆ ಅದು ಎರಡು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಸಂಸಾರ ಸಮೇತರಾಗಿ ಈ ಕನ್ನಡ ನಾಡಿನಲ್ಲಿ ಬಾಳಿದ ಬೇರೊಂದು ಸಭೆಯ ಧರ್ಮಪ್ರಚಾರಕರ ಮನೆಗಳೊಳಕ್ಕೆ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ. ಅವರು ಪ್ರೊಟೆಸ್ಟೆಂಟರು. ನಾನು ಚಿಕ್ಕವನಾಗಿದ್ದಾಗ ಹಿರಿಯರು ಅವರ ಮಾತನ್ನು ಅಷ್ಟಾಗಿ ಎತ್ತುತ್ತಿರಲಿಲ್ಲ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತ ಐಕ್ಯವನ್ನು ಕುರಿತ ನಿರ್ಣಯವನ್ನು ಹೊರಡಿಸಿ, ಅವರನ್ನು ಸಹೋದರರೆಂದೇ ಕಾಣುವಂತೆ ನಮಗೆ ಕಲಿಸಿದೆ. ಸಹೋದರನ ಮನೆಗೆ ಹೋಗಲು ಸಂಕೋಚವೇಕೆ?

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಬಾಸೆಲ್ ಮಿಷನ್ ಸ್ಥಾಪಿತವಾಯಿತು. ಅದರ ಮೊದಲ ಮೂವರು ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ, ಕೊಡಗು ಎಂದು ಅವರ ಕಾರ್ಯಕ್ಷೇತ್ರ ಹಬ್ಬಿತು. ನಮ್ಮ ಸೀಮೆಗೆ ಹತ್ತಿರವಾದ ಶಿವಮೊಗ್ಗ, ಚಿತ್ರದುರ್ಗಗಳಲ್ಲಿ ವೆಸ್ಲಿಯನ್ ಮಿಷನಿನ ಇಂಗ್ಲಿಷ್ ಕುಟುಂಬಗಳೂ ಇದ್ದವು. (1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವೆಂಬುದನ್ನು ಹಿರಿಯರು ಬಲ್ಲಿರಿ.) ಆದರೆ ಬಾಸೆಲಿನವರ ಮನೆವಾರ್ತೆಯ ವಿಷಯ ನಮಗೆ ಹೆಚ್ಚಾಗಿ ತಿಳಿದುಬಂದಿದೆ. ಅವರ ಹೆಂಗಸರು ಮನೆಗೆ ಬರೆದ ಕಾಗದಗಳು ಉಳಿದುಕೊಂಡಿರುವುದೇ ಇದಕ್ಕೆ ಕಾರಣ.

ಬಾಸೆಲಿನ ಪ್ರಚಾರಕನು ಅವಿವಾಹಿತನಾಗಿ ಬರಬೇಕಾಗಿತ್ತು. ಕೆಲವು ವರ್ಷ ಸೇವೆ ಸಲ್ಲಿಸಿ, ಭಾಷೆ ಕಲಿತು, ಅನಂತರ ಮದುವೆಗೆ ಅಪ್ಪಣೆ ಬೇಡಿ ಬಾಸೆಲಿನ ಸಮಿತಿಗೆ ಅರ್ಜಿ ಬರೆಯಬೇಕು. ಸಮಿತಿಯು ಒಪ್ಪಿದರೆ ಅಲ್ಲಿಯೇ ಕನ್ಯಾನ್ವೇಷಣೆ ನಡೆಯುತ್ತಿತ್ತು. ಹುಡುಗಿಯ ಭಕ್ತಿ, ಆರೋಗ್ಯ, ನಡತೆ ಎಲ್ಲವನ್ನೂ ವಿಚಾರಿಸಿ, ತಂದೆತಾಯಿಗಳ ಒಪ್ಪಿಗೆ ಪಡೆದು, ಅವಳನ್ನು ಹಡಗು ಹತ್ತಿಸುತ್ತಿದ್ದರು. ಎಷ್ಟೋ ಮಂದಿ ವಧುಗಳು ತಾವು ವರಿಸಲಿದ್ದವನ ಮುಖವನ್ನು ಮೊದಲ ಬಾರಿಗೆ ನೋಡಿದ್ದು ಪರದೇಶದ ಬಂದರಿನಲ್ಲಿ! ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವೆಂದು ಉಪ್ಪಿಟ್ಟು ಕೇಸರಿಭಾತುಗಳ ನಡುವೆ ಐದು ನಿಮಿಷವಾದರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅವರಿಗೆ ಅದೂ ಇರಲಿಲ್ಲ. ಹಿರಿಯರು ಗೊತ್ತುಮಾಡಿದ ಮದುವೆ ನಮ್ಮ ದೇಶದ ಪದ್ಧತಿಯೆಂದೂ ಯೂರೋಪಿನವರೆಲ್ಲ ಪ್ರೀತಿಸಿಯೇ ಮದುವೆಯಾದವರೆಂದೂ ತಿಳಿದಿರುವ ತರುಣರು ಇದನ್ನು ಗಮನಿಸಬೇಕು.

ಹೀಗೆ ಬಂದವಳಿಗೆ ಪ್ರತ್ಯೇಕ ಸಂಬಳವಿರಲಿಲ್ಲ, ಕೆಲಸಕ್ಕೆ ಮಾತ್ರ ಕೊನೆಯಿರಲಿಲ್ಲ. ಹೆಣ್ಣುಮಕ್ಕಳಿಗೆ ಓದುಬರಹ, ಹೊಲಿಗೆ, ಕಸೂತಿ ಕಲಿಸುವುದು, ಅನಾಥ ಬಾಲಕಿಯರನ್ನು ಸಾಕುವುದು, ಬಾಣಂತಿಯರನ್ನು ನೋಡಿಕೊಳ್ಳುವುದು, ರೋಗಿಗಳಿಗೆ ಔಷಧ ಕೊಡುವುದು ಅವಳ ಪಾಲಿಗೆ ಬರುತ್ತಿತ್ತು. ಗಂಡನು ಪೇಟೆಯ ಬೀದಿಯಲ್ಲಿ ನಿಂತು ಉಪದೇಶ ಮಾಡಿದಾಗ ಕೇಳಿದವರೆಷ್ಟೋ ಕೇಳದವರೆಷ್ಟೋ ನಾನರಿಯೆ. ಆದರೆ ಅಡಿಗೆಮನೆಯ ಹಿಂಬಾಗಿಲಲ್ಲಿ ಸೌದೆಯವಳು, ಮೀನಿನವಳು, ಅಗಸರವಳು ಇವರೊಡನೆ ತಪ್ಪುತಪ್ಪಾಗಿ ಮಾತನಾಡಿದ ಆ ಹೆಂಗಸಿನ ಮಾತನ್ನು ಯಾರೂ ಕೇಳದೆ ಹೋಗುತ್ತಿರಲಿಲ್ಲ. ಪುಸ್ತಕದ ಕನ್ನಡ ಗಂಡನಿಗಾದರೆ ಬಳಕೆಯ ಮಾತು ಹೆಂಡತಿಗೆ. ಎಲ್ಲರಿಗಿಂತ ಚೆನ್ನಾಗಿ ಕಲಿತವು ಮಕ್ಕಳು. ಆಯಾಳ ಸೊಂಟದ ಮೇಲೆ ಬೆಳೆದ ಶಿಶುವಿಗೆ ಆಯಾಳ ಮಾತೇ ಮೊದಲ ಮಾತು. ಜರ್ಮನ್ ಭಾಷೆ ಎರಡನೆಯದು.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅವರು ಬಹುಕಾಲ ಒಂಟಿಯಾಗಿಯೇ ಇದ್ದು, ತಮ್ಮ ಶಾಲೆಯ ಹುಡುಗರನ್ನೇ ಮಕ್ಕಳೆಂದು ತಿಳಿದಿದ್ದರು. ಅವರ ಬಂಧುವೂ ಸಹೋದ್ಯೋಗಿಯೂ ಆದ ಗೊಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ಪತ್ನಿ ಪೌಲೀನಾ ಮಕ್ಕಳೊಂದಿಗರಾದ ವಿಧವೆಯಾದರು. ಅವರನ್ನು ಮೋಗ್ಲಿಂಗರು ಮದುವೆಯಾದಾಗ ಅವರ ವಯಸ್ಸು ನಲವತ್ತೈದರ ಆಸುಪಾಸಿನಲ್ಲಿತ್ತು. ಕನ್ನಡ ಸಾಹಿತ್ಯ ಚರಿತ್ರೆ ಬರೆದವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೇನೋ ಇದು ಅವರ ಗ್ರಂಥ ಸಂಪಾದನೆಗಳಿಗಿಂತ ಸಣ್ಣ ಕಾರ್ಯವಾಗಿ ತೋರುವುದಿಲ್ಲ.

1894ರ ಮಹಾನಿಘಂಟಿನ ಫರ್ಡಿನಂಡ್ ಕಿಟ್ಟೆಲರ ಮನೆಯಲ್ಲಿಯೂ ಇಂಥದೇ ದುಃಖ. ಅವರ ಪತ್ನಿ, ಅವರ ಹೆಸರೂ ಪೌಲೀನಾ ಎಂದೇ, 1864ರಲ್ಲಿ ತೀರಿಕೊಂಡರು. ಕೆಲವು ವರ್ಷಗಳ ನಂತರ ಆಕೆಯ ತಂಗಿ ಜೂಲಿ ಅಕ್ಕನ ಸ್ಥಾನಕ್ಕೆ ಬಂದರು. ಅಕ್ಕ ತೀರಿದ ಮನೆಗೆ ತಂಗಿಯನ್ನು ಕೊಡುವುದು ನಮ್ಮ ಹಳ್ಳಿಗಳಲ್ಲಿಯೂ ಕಂಡ ಸಂಗತಿಯೇ ಸರಿ. ಆ ಕಾಲದಲ್ಲಿ ಜ್ವರ, ವಾಂತಿಭೇದಿ, ರಕ್ತಭೇದಿಗಳು ಬಿಳಿಯರು ಕರಿಯರು ಎಂದು ನೋಡುತ್ತಿರಲಿಲ್ಲ.

ಪ್ರಿಯರೇ, ಇಷ್ಟನ್ನೂ ನಾವು ತ್ಯಾಗವೆಂದು ಹೊಗಳಬಹುದು. ನನ್ನ ಮನಸ್ಸನ್ನು ಕಲಕಿದ ವಿಷಯ ಇದಕ್ಕಿಂತ ಮುಂದಿನದು. ಮಗುವಿಗೆ ಆರೇಳು ವರ್ಷವಾಗುತ್ತಲೇ ಅದನ್ನು ಯೂರೋಪಿಗೆ ಕಳುಹಿಸಬೇಕೆಂದು ಬಾಸೆಲ್ ಮಿಷನ್ 1853ರಲ್ಲಿ ನಿಯಮ ಮಾಡಿತು. ಅಂಥ ಮಕ್ಕಳಿಗಾಗಿ ಬಾಸೆಲಿನಲ್ಲಿ ಒಂದು ನಿಲಯವನ್ನೂ ತೆರೆಯಿತು. ಇಲ್ಲಿನ ಹವೆ ಒಗ್ಗದು, ಇಲ್ಲಿ ತಕ್ಕ ವಿದ್ಯಾಭ್ಯಾಸವಿಲ್ಲ ಎಂಬವು ಹೇಳಿಕೊಂಡ ಕಾರಣಗಳು. ಆಯಾಗಳ ಸಹವಾಸದಲ್ಲಿ ಮಕ್ಕಳು ಈ ನಾಡಿನವರೇ ಆಗಿಬಿಡುತ್ತಾರೆಂಬ ಅಂಜಿಕೆಯೂ ಒಂದು ಕಾರಣ. ತಾಯಿ ಬಂದರಿನಲ್ಲಿ ನಿಂತು ಮಗುವನ್ನು ಹಡಗಿನವರ ಕೈಗೊಪ್ಪಿಸಿ ಹಿಂದಿರುಗುತ್ತಿದ್ದಳು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಒಂದು ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಮಗು ಜ್ವರದಿಂದ ಮಲಗಿದೆಯೆಂಬ ಸುದ್ದಿ ತಲುಪುವಷ್ಟರಲ್ಲಿ ಅದು ಗುಣವಾಗಿರಬಹುದು, ಮಣ್ಣಿನಲ್ಲಿಯೂ ಇರಬಹುದು.

ಈ ನಿಯಮಕ್ಕೂ ಮೊದಲೇ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಲಯಾಳ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್ ಮತ್ತು ಅವರ ಪತ್ನಿ ಜೂಲಿ ದುಬ್ವಾ ತಲಶ್ಶೇರಿಯಲ್ಲಿದ್ದರು. 1842ರಲ್ಲಿ ಅವರಿಗೆ ಮೇರಿ ಎಂಬ ಮಗಳು ಹುಟ್ಟಿದಳು. ಆಕೆ ಇನ್ನೂ ನಾಲ್ಕು ವರ್ಷದವಳಾಗಿದ್ದಾಗ ರಜೆಯ ಮೇಲೆ ಊರಿಗೆ ಹೋದ ತಂದೆತಾಯಿಗಳು ಮಗಳನ್ನು ಅಲ್ಲಿಯೇ ಬಿಟ್ಟು ಹಿಂದಿರುಗಿದರು. ಮೇರಿ ಮರಳಿ ಇಂಡಿಯಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ. ಹನ್ನೊಂದು ವರ್ಷ! ಎದುರಿಗೆ ನಿಂತ ಹೆಂಗಸು ತನ್ನ ತಾಯಿಯೆಂದು ಆಕೆಗೆ ಯಾರಾದರೂ ಹೇಳಿಯೇ ತಿಳಿಯಬೇಕಾಗಿತ್ತೋ ಏನೋ. ಮುಂದೆ ಆಕೆ ಪ್ರಚಾರಕರಾದ ಚಾರ್ಲ್ಸ್ ಐಸೆನ್‌ಬರ್ಗ್ ಅವರನ್ನು ವರಿಸಿದಳು. ಅವರು 1870ರಲ್ಲಿ ತೀರಿದ ಬಳಿಕ, ಇಂಡಿಯದಲ್ಲಿ ಕೆಲಕಾಲ ಸೇವೆ ಸಲ್ಲಿಸಿ ಆರೋಗ್ಯ ಕೆಟ್ಟು ಹಿಂದಿರುಗಿದ್ದ ಯೋಹಾನ್ನೆಸ್ ಹೆಸ್ಸೆಯವರನ್ನು 1874ರಲ್ಲಿ ಮದುವೆಯಾದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. 1884ರಲ್ಲಿ ಆ ಬಾಲಕನಿಗೆ ಆರು ವರ್ಷವಾಗಿದ್ದಾಗ ತಂದೆತಾಯಿಗಳು ಬಾಸೆಲಿನಲ್ಲಿಯೇ ಇದ್ದರು. ಆದರೂ ಅವನನ್ನು ಅದೇ ಊರಿನ ಮಿಷನ್ ಬಾಲಕರ ನಿಲಯದಲ್ಲಿಟ್ಟಿದ್ದರು. ಭಾನುವಾರ ಮಾತ್ರ ಮನೆಗೆ. ಹೀಗೆ ಅಗಲಿಕೆ ಮನೆತನದ ಪದ್ಧತಿಯಾಗಿಬಿಡುತ್ತದೆ. ದೊಡ್ಡವನಾದ ಮೇಲೆ 1911ರಲ್ಲಿ ಆತ ಪೂರ್ವದೇಶಗಳ ಯಾತ್ರೆ ಹೊರಟು ಸಿಂಹಳ, ಸುಮಾತ್ರಗಳನ್ನು ನೋಡಿದ. ತಾಯಿ ಹುಟ್ಟಿದ ಮಲಬಾರಿಗೆ ಮಾತ್ರ ಬರಲಾಗಲಿಲ್ಲ.

ಇದರಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಗುರುಪಟ್ಟ ಸ್ವೀಕರಿಸಿದ ದಿನ ನಾನು ಬಿಟ್ಟುಕೊಟ್ಟದ್ದು ನನ್ನದೇ ಆದ ಸಂಸಾರವನ್ನು. ಕೊಡುವ ಅಧಿಕಾರ ನನಗಿತ್ತು. ಪ್ರಚಾರಕನು ತನ್ನ ಸುಖವನ್ನು ದೇವರಿಗೆ ಕೊಟ್ಟರೆ ಅದು ಕಾಣಿಕೆ. ಆರು ವರ್ಷದ ಕೂಸಿನಿಂದ ತಾಯಿಯನ್ನು ಕಿತ್ತು ಕೊಟ್ಟರೆ ಕೊಟ್ಟವರು ಯಾರು? ಆ ಕೂಸನ್ನು ಯಾರಾದರೂ ಕೇಳಿದ್ದರೇ? ಅಬ್ರಹಾಮನ ಕೈಯನ್ನು ದೇವದೂತನು ತಡೆದನೆಂಬುದನ್ನು ಸಮಿತಿಯ ಹಿರಿಯರು ನಮ್ಮಷ್ಟೇ ಚೆನ್ನಾಗಿ ಓದಿದ್ದರು. ಅವರು ಕ್ರೂರಿಗಳಲ್ಲ, ಮಕ್ಕಳು ಬದುಕಿ ಓದಲಿ ಎಂದೇ ಹಾಗೆ ಮಾಡಿದರು. ಆ ಕಾಲದ ಶಿಶುಮರಣವನ್ನು ನೋಡಿದರೆ ಅವರ ಭಯ ಸುಳ್ಳೆನ್ನಲಾಗದು. ಆದರೂ ಮಕ್ಕಳ ಮೊದಲ ಗುರುಗಳು ತಂದೆತಾಯಿಗಳೇ ಎಂದು ಮಹಾಸಭೆಯು 1965ರಲ್ಲಿ ಶಿಕ್ಷಣವನ್ನು ಕುರಿತು ಹೇಳಿದ್ದನ್ನು ನಾನು ಓದುವಾಗಲೆಲ್ಲ ಮೇರಿ ಗುಂಡರ್ಟಳ ನೆನಪಾಗುತ್ತದೆ.

ಮಂಗಳೂರು, ಬಾಸೆಲ್‌ಗಳ ಕಥೆ ಜಗಳೂರಿನವರಿಗೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದಂತಾಯಿತು. ಹೇಳುತ್ತೇನೆ. ಜಗಳೂರಿನ ಒಣಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಗಂಡ ಹೆಂಡಿರಿಬ್ಬರೂ ಕಾಫಿ ಸೀಮೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗುತ್ತಾರೆ. ಮಕ್ಕಳು ಅಜ್ಜಿಯ ಮಡಿಲಿಗೆ. ಚನ್ನಗಿರಿಯ ಅಡಿಕೆ, ಹೊನ್ನಾಳಿ ನ್ಯಾಮತಿಗಳ ನೀರಾವರಿ ಗದ್ದೆ ಇದ್ದವರಿಗೆ ಈ ಪಾಡಿಲ್ಲದಿರಬಹುದು, ಆದರೆ ಆ ಕಡೆಯ ಹೆಣ್ಣುಮಕ್ಕಳೂ ದಾದಿಯರಾಗಿ ಕೊಲ್ಲಿ ದೇಶಗಳಿಗೆ ಹೊರಡುತ್ತಿದ್ದಾರೆ. ಅಂಥ ಒಬ್ಬ ತಾಯಿ ಹೊರಡುವ ಮುನ್ನ ನನ್ನಲ್ಲಿಗೆ ಬಂದಳು. “ಸ್ವಾಮಿ, ಮಗೂನ ಅತ್ತೆ ಹತ್ರ ಬಿಟ್ಟು ಹೋಗ್ತಾ ಇದೀನಿ. ಎದ್ದಿದ್ರೆ ಅಳ್ತಾನೆ, ಮಲಗಿದಾಗಲೇ ಹೊರಟುಬಿಡ್ತೀನಿ. ಇದು ಪಾಪಾನಾ?” ಎಂದಳು.

ಸಾಲ ತೀರಿಸಲು ದುಡಿಯಹೋಗುವುದು ಪಾಪವಲ್ಲಮ್ಮಾ ಎಂದೆ. ಆದರೆ ಮಲಗಿದಾಗ ಹೋಗಬೇಡ. ಎಬ್ಬಿಸು, ಅಳಲಿ, ಎಲ್ಲಿಗೆ, ಏಕೆ, ಎಂದು ಬರುತ್ತೇನೆಂದು ಅವನ ಮುಖ ನೋಡಿ ಹೇಳಿ ಹೋಗು. ನಿದ್ದೆಯಿಂದೆದ್ದಾಗ ತಾಯಿಯಿಲ್ಲವೆಂದು ಕಂಡ ಮಗುವಿಗೆ ಆಮೇಲೆ ನಿದ್ದೆಯೇ ಭಯವಾಗುತ್ತದೆ. ಅವಳು ನನ್ನ ಮಾತಿನಂತೆಯೇ ಮಾಡಿದಳು. ಹುಡುಗ ಊರಿಗೆಲ್ಲ ಕೇಳುವಂತೆ ಅತ್ತನೆಂದು ಅಜ್ಜಿ ಬಂದು ನನ್ನ ಮೇಲೆ ರೇಗಿದರು. ಈಗ ಅವನು ಪ್ರತಿ ಭಾನುವಾರ ಪೂಜೆಯಾದ ಮೇಲೆ ಅಜ್ಜಿಯ ಫೋನಿನಲ್ಲಿ ತಾಯಿಯ ಮುಖ ನೋಡುತ್ತಾನೆ. ಜೂಲಿ ಗುಂಡರ್ಟರಿಗೆ ಈ ಭಾಗ್ಯವಿರಲಿಲ್ಲ. ಆದರೆ ಫೋನಿನಲ್ಲಿ “ಚೆನ್ನಾಗಿ ಓದ್ತೀಯಾ? ಏನು ತರ್ಲಿ?” ಎಂಬ ಎರಡೇ ಪ್ರಶ್ನೆ ಕೇಳಿ ಮುಗಿಸುವ ತಂದೆತಾಯಿಗಳನ್ನೂ ನಾನು ಬಲ್ಲೆ. ಬೆಳಿಗ್ಗೆ ಏನು ತಿಂದೆ, ಯಾರೊಡನೆ ಜಗಳವಾಡಿದೆ, ಹಲ್ಲು ಬಿತ್ತೇ ಎಂದು ಕೇಳಿ. ಹಡಗಿನ ಕಾಗದದಲ್ಲಿ ಆ ತಾಯಂದಿರು ಕೇಳುತ್ತಿದ್ದುದೂ ಇಂಥವೇ.

ಇನ್ನೊಂದು ಕೋರಿಕೆ. ದುಡಿಮೆಗೆ ಹೊರಡುವವರು ದಯವಿಟ್ಟು ಹೊರಡುವ ಮುನ್ನ ಗುರುಮನೆಗೆ ಬಂದು, ಮಗು ಯಾರ ಮನೆಯಲ್ಲಿರುತ್ತದೆಂದು ತಿಳಿಸಿ ಹೋಗಬೇಕು. ಇದಕ್ಕಾಗಿ ಒಂದು ಪುಸ್ತಕ ತೆರೆದಿದ್ದೇನೆ. ಧರ್ಮೋಪದೇಶದ ಸಿಸ್ಟರ್ ಅವರು ತಿಂಗಳಿಗೊಮ್ಮೆ ಆ ಮನೆಗಳಿಗೆ ಹೋಗಿ ಬರಲು ಒಪ್ಪಿದ್ದಾರೆ. ಅವರೊಡನೆ ಹೋಗಲು ಪ್ರತಿ ಊರಿನಿಂದಲೂ ಇಬ್ಬರು ತಾಯಂದಿರು ಬೇಕು. ಚನ್ನಗಿರಿ, ಹೊನ್ನಾಳಿಗಳಿಂದ ಹೆಸರು ಬಂದಿವೆ. ನ್ಯಾಮತಿಯವರೂ ಜಗಳೂರಿನವರೂ ಊಟಕ್ಕೆ ಏಳುವ ಮೊದಲು ಹೆಸರು ಬರೆಸಬೇಕು.