ಸಲ್ಫಾ ಔಷಧಿಗಳ ಕಥೆ ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವವಳು. ಆದರೂ ಇಂದು ಒಂದು ಮಾತ್ರೆಯ ಕಥೆ ಹೇಳಬಯಸುತ್ತೇನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆಮಠ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಹಿಂದಿನ ವರ್ಷವಷ್ಟೇ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿದ್ದರು. ಆದರೆ ಕಾಯಿಲೆ ಹತ್ತಿದ ಮೇಲೆ ದೇಹದೊಳಗಿನ ರೋಗಾಣುವನ್ನು ಹತ್ತಿಕ್ಕುವ ಮದ್ದು ಯಾರ ಬಳಿಯೂ ಇರಲಿಲ್ಲ.

1932ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಅವರು ಪ್ರೊಂಟೋಸಿಲ್ ಎಂಬ ಕೆಂಪು ಬಣ್ಣದ ವಸ್ತು ಇಲಿಗಳನ್ನು ಮಾರಕ ಸೋಂಕಿನಿಂದ ಉಳಿಸುವುದನ್ನು ಕಂಡರು. 1935ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು, ಗುಣ ಮಾಡುವುದು ಬಣ್ಣವಲ್ಲ, ಅದರಿಂದ ಬಿಡುಗಡೆಯಾಗುವ ಸಲ್ಫನಿಲಮೈಡ್ ಎಂದು ತೋರಿಸಿದರು. ಸಲ್ಫನಿಲಮೈಡನ್ನು 1908ರಲ್ಲೇ ತಯಾರಿಸಲಾಗಿತ್ತು. ಅದರ ಗುಣ ತಿಳಿಯಲು 27 ವರ್ಷ ಬೇಕಾಯಿತು!

ಇದು ಹೇಗೆ ಕೆಲಸ ಮಾಡುತ್ತದೆ? ರೋಗಾಣುಗಳು ಬೆಳೆಯಲು ಬೇಕಾದ ಫೋಲಿಕ್ ಆಮ್ಲವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಒಂದು ಕಚ್ಚಾ ವಸ್ತುವಿನ ಹಾಗೆಯೇ ಸಲ್ಫಾ ಕಾಣುತ್ತದೆ. ಬೀಗದೊಳಗೆ ನಕಲಿ ಚಾವಿ ಸಿಕ್ಕಿಕೊಂಡರೆ ಅಸಲಿ ಚಾವಿ ಹೋಗುವುದಿಲ್ಲ, ಅಲ್ಲವೇ? ಹಾಗೆ ರೋಗಾಣುವಿನ ಬೆಳವಣಿಗೆ ನಿಲ್ಲುತ್ತದೆ. ನಾವು ಮನುಷ್ಯರು ಫೋಲಿಕ್ ಆಮ್ಲವನ್ನು ಸೊಪ್ಪು, ಕಾಳುಗಳಿಂದ ಪಡೆಯುತ್ತೇವೆ. ಆದ್ದರಿಂದ ಈ ತಡೆ ನಮಗೆ ತಟ್ಟುವುದಿಲ್ಲ.

ಈ ಸಂಶೋಧನೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಸಾಹಿಬ್ ಸಿಂಗ್ ಸೋಖಿ, ಕೆ. ಗಣಪತಿ ಮತ್ತು ಸಂಗಡಿಗರು ಸಲ್ಫಾ ಔಷಧಿಗಳನ್ನು ಪ್ಲೇಗಿನ ಮೇಲೆ ಪರೀಕ್ಷಿಸಿ 1941ರಲ್ಲಿ ವರದಿ ಪ್ರಕಟಿಸಿದರು. ಗಣಪತಿಯವರು ಸಲ್ಫಾ ಕುರಿತು ಬರೆದ ಲೇಖನಗಳು ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾದವು. ಆ ಅಕಾಡೆಮಿ ಇಂದು ಮೇಖ್ರಿ ಸರ್ಕಲ್ ಬಳಿ, ಸದಾಶಿವನಗರದಲ್ಲಿದೆ. ಆರ್.ಟಿ. ನಗರದ, ಹೆಬ್ಬಾಳದ ಮಕ್ಕಳೇ, ನೀವು ದಿನವೂ ಬಸ್ಸಿನಲ್ಲಿ ಹಾದುಹೋಗುವ ದಾರಿಯ ಪಕ್ಕದಲ್ಲೇ ಇದೆ!

ಆದರೆ ಎಚ್ಚರಿಕೆಯ ಮಾತೂ ಇದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾವನ್ನು ವಿಷದ ದ್ರಾವಣದಲ್ಲಿ ಬೆರೆಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು. 1940ರ ದಶಕದಲ್ಲೇ ಕೆಲವು ರೋಗಾಣುಗಳು ಸಲ್ಫಾಕ್ಕೆ ಬಗ್ಗದಂತಾದವು. ಕೆಲವರಿಗೆ ಸಲ್ಫಾ ಒಗ್ಗುವುದಿಲ್ಲ. ಮೈಮೇಲೆ ಗಂಭೀರ ಗುಳ್ಳೆಗಳೂ ಏಳಬಹುದು.

ಆದ್ದರಿಂದ ತಾಯಂದಿರಲ್ಲಿ ನನ್ನ ವಿನಂತಿ: ಜ್ವರ ಬಂದೊಡನೆ ಅಂಗಡಿಯಿಂದ ಎರಡು ಮಾತ್ರೆ ತರಿಸಬೇಡಿ. ಅಣ್ಣನಿಗೆ ಬರೆದುಕೊಟ್ಟ ಮದ್ದನ್ನು ತಂಗಿಗೆ ಕೊಡಬೇಡಿ. ವೈದ್ಯರು ಹೇಳಿದಷ್ಟು ದಿನ ಕೊಡಿ, ಮಧ್ಯದಲ್ಲಿ ನೀವಾಗಿಯೇ ನಿಲ್ಲಿಸಬೇಡಿ.

ವಿದ್ಯಾರ್ಥಿಗಳೇ, ಹಳೆಯ ಔಷಧಿಗಳು ಸೋಲುತ್ತಿವೆ, ಹೊಸವು ಬೇಕಾಗಿವೆ. ಅವನ್ನು ಹುಡುಕುವವರಲ್ಲಿ ನಮ್ಮ ಶಾಲೆಗಳ ಹುಡುಗ ಹುಡುಗಿಯರೂ ಇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.