ಚುಚ್ಚು, ಪಿಯರ್ಸ್ ಮತ್ತು ಒಂದು ಸಣ್ಣ ತೂತು

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ. ಪಿಯರ್ಸ್. ಇಯರ್ ಪಿಯರ್ಸಿಂಗ್ ಅಂತೀವಲ್ಲ, ಅದೇ.

ನಾನು ಹುಟ್ಟಿ ಬೆಳೆದಿದ್ದು ಮುಂಬಯಿಯ ವಡಾಲದಲ್ಲಿ. ಓದಿದ್ದು ಅಲ್ಲೇ ಎನ್.ಕೆ.ಇ.ಎಸ್. ಶಾಲೆಯಲ್ಲಿ, ಕನ್ನಡ ಮಾಧ್ಯಮ. ಈಗ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅಮ್ಮ ಇನ್ನೂ ವಡಾಲದಲ್ಲೇ ಇದ್ದಾರೆ. ಹೋದ ಬೇಸಿಗೆ ರಜೆಯಲ್ಲಿ ಐದು ವರ್ಷದ ಮಗಳನ್ನು ಕರ್ಕೊಂಡು ಹೋಗಿದ್ದೆ. ಅಮ್ಮನ ಹಟ: ಮೊಮ್ಮಗಳ ಕಿವಿ ಚುಚ್ಚಿಸಬೇಕು, ಅದೂ ಮಾಲ್‌ನ ಗನ್‌ನಿಂದ ಅಲ್ಲ, ಗೊತ್ತಿರೋ ಸೋನಾರ್ ಹತ್ರ, ಬಂಗಾರದ ತಂತಿಯಲ್ಲಿ.

ಹಿಂದಿನ ರಾತ್ರಿ ಅಮ್ಮ ಅವಳನ್ನು ತೊಡೆ ಮೇಲೆ ಕೂರಿಸ್ಕೊಂಡು, "ನಾಳೆ ಕಿವಿ ಚುಚ್ಚಿಸೋಣ, ಹೆದರಬೇಡ" ಅಂದರು. ಮಗಳು ನನ್ನ ಮುಖ ನೋಡಿದಳು. 'ಚುಚ್ಚು' ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು "ಪಿಯರ್ಸಿಂಗ್" ಅಂದೆ. ಅಮ್ಮ ನನ್ನ ಮುಖ ನೋಡಿದರು. ಅಜ್ಜಿ ಮೊಮ್ಮಗಳ ನಡುವೆ ನಾನು ದುಭಾಷಿ ಆಗಿ ಕೂತಿದ್ದೆ. ನಿಜ ಹೇಳ್ತೀನಿ, ಆವತ್ತು ನನಗೆ ಚುಚ್ಚಿದ್ದು ಇದೇ.

ನಿದ್ದೆ ಬರಲಿಲ್ಲ. ಮೊಬೈಲ್‌ನಲ್ಲಿ ಆ ಪದದ ಮೂಲ ಹುಡುಕುತ್ತಾ ಕೂತೆ.

ಪಿಯರ್ಸ್ ಇಂಗ್ಲಿಷಿಗೆ ಹೊರಗಿನಿಂದ ಬಂದ ಪದ. ಫ್ರೆಂಚಿನ 'ಪೆರ್ಸೆ'ಯಿಂದ ಬಂತು. ಅದರ ಹಿಂದೆ ಲ್ಯಾಟಿನ್‌ನ 'ಪೆರ್‌ಟುಂಡೆರೆ' ಇದೆ. 'ಪೆರ್' ಅಂದರೆ ಆಚೆತನಕ, 'ಟುಂಡೆರೆ' ಅಂದರೆ ಬಡಿ, ಕುಟ್ಟು. ಅಂದರೆ ಆಚೆ ಹೊರಡೋ ಹಾಗೆ ಹೊಡೆಯೋದು. ಇದೇ 'ಟುಂಡೆರೆ'ಯಿಂದ 'ಆಬ್ಟ್ಯೂಸ್' ಕೂಡ ಹುಟ್ಟಿದೆ. ಹೊಡೆದೂ ಹೊಡೆದೂ ಮೊಂಡಾದದ್ದು ಅಂತ ಅರ್ಥ. ನಮ್ಮ ಮೇಷ್ಟ್ರು ವಿಶಾಲಕೋನ ಅಂತ ಕಲಿಸಿದ್ದು ಇದನ್ನೇ. ಸಂಸ್ಕೃತದ 'ತುದ್' ಧಾತುವೂ ಇವರ ದೂರದ ನೆಂಟ. ಪಾಣಿನಿಯ ಧಾತುಪಾಠದಲ್ಲಿ ಆರನೇ ಗಣಕ್ಕೆ 'ತುದಾದಿ' ಅಂತ ಹೆಸರು ಬಂದಿದ್ದು ಇದರಿಂದಲೇ.

ಸರಿ, ಪಿಯರ್ಸ್ ಬರೋಕೆ ಮುಂಚೆ ಇಂಗ್ಲಿಷರು ಏನಂತಿದ್ದರು? ಮಜಾ ಇರೋದೇ ಇಲ್ಲಿ. ಅವರದ್ದೇ ಒಂದು ಪದ ಇತ್ತು, 'ಥರ್ಲ್'. ತೂತು ಮಾಡು ಅಂತ ಅರ್ಥ. 'ಥ್ರೂ' ಅದರ ಬಂಧು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆ, ಕೋರ್ಟು ಎಲ್ಲಾ ಕಡೆ ಫ್ರೆಂಚ್ ನಡೀತು. 1300ರ ಹೊತ್ತಿಗೆ ಪಿಯರ್ಸ್ ಇಂಗ್ಲಿಷಿನೊಳಗೆ ಬಂದು ಕೂತಿತ್ತು. ನಿಧಾನವಾಗಿ ಹಳೇ ಪದ ಜನರ ಬಾಯಿಂದ ಹೋಯ್ತು.

ಪೂರ್ತಿ ಹೋಗಲಿಲ್ಲ. ಎರಡು ಕಡೆ ಉಳ್ಕೊಂಡಿದೆ. ಒಂದು ಮೂಗಿನಲ್ಲಿ: 'ನಾಸ್ಟ್ರಿಲ್' ಅಂದರೆ ಮೂಗಿನ ತೂತು, ಆ ಕೊನೆಯ 'ಟ್ರಿಲ್' ಅದೇ ಹಳೇ ಪದ. ಇನ್ನೊಂದು 'ಥ್ರಿಲ್'. ಅದರ ಮೊದಲ ಅರ್ಥ ಚುಚ್ಚು ಅಂತಲೇ. ಮನಸ್ಸಿಗೆ ಚುಚ್ಚೋ ಸಂತೋಷ ಅನ್ನೋ ಅರ್ಥ ಬಂದಿದ್ದು ಹದಿನಾರನೇ ಶತಮಾನದ ಕೊನೆಗೆ. ಮನೆಯ ಪದ ದಿನದ ಬಳಕೆ ಕಳ್ಕೊಂಡು ಮೂಗಿನ ಮೂಲೆಯಲ್ಲಿ ಬದುಕಿದೆ. ಅದು ಅಲ್ಲಿದೆ ಅನ್ನೋದು ಇಂಗ್ಲಿಷ್ ಮಾತಾಡೋ ಎಷ್ಟೋ ಜನಕ್ಕೇ ಗೊತ್ತಿಲ್ಲ.

ಆಗ ನನಗೆ ಹೆದರಿಕೆ ಆಯ್ತು. ನಮ್ಮ 'ಚುಚ್ಚು' ಇವತ್ತು ಜೀವಂತವಾಗಿದೆ. ಸೂಜಿ ಚುಚ್ಚುತ್ತೆ, ಮುಳ್ಳು ಚುಚ್ಚುತ್ತೆ, ಚುಚ್ಚುಮದ್ದು ಇದೆ, ಚುಚ್ಚುಮಾತು ಇದೆ. ಆದರೆ ನಮ್ಮನೆಯಲ್ಲಿ? ಮಗಳಿಗೆ ವ್ಯಾಕ್ಸಿನ್ ಹಾಕಿಸುವಾಗ 'ಇಂಜೆಕ್ಷನ್' ಅಂದಿದ್ದು ನಾನೇ. ಯಾವ ನಾರ್ಮನ್ನರೂ ಬಂದು ನನ್ನನ್ನು ಗೆದ್ದಿರಲಿಲ್ಲ. ಆಫೀಸಿನಿಂದ ಸುಸ್ತಾಗಿ ಬಂದು, ಸುಲಭಕ್ಕೆ ಸಿಕ್ಕಿದ ಪದ ಹೇಳ್ತಿದ್ದೆ, ಅಷ್ಟೇ.

ಮರುದಿನ ಸೋನಾರ್ ಅಂಗಡಿ. ಮಗಳು ಅಜ್ಜಿಯ ಸೆರಗು ಬಿಡಲೇ ಇಲ್ಲ. ಅಮ್ಮ ಕಿವಿ ಹತ್ರ ಬಾಗಿ, "ಚುರ್ ಅನ್ನುತ್ತೆ, ಅಷ್ಟೇ" ಅಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ತಂತಿ ಹೊಕ್ಕಿತು, ಅತ್ತಳು, ಐಸ್‌ಕ್ರೀಮ್ ತಿಂದಳು.

ರಾತ್ರಿ ನೋಯುತ್ತೆ, ತೆಗೀರಿ ಅಂತ ಹಟ. ಅಮ್ಮ ಅಂದರು: "ತೆಗೆದರೆ ತೂತು ಮುಚ್ಚಿ ಹೋಗುತ್ತೆ ಮಗಾ. ನಮ್ಮೂರಲ್ಲಿ ಬಂಗಾರ ಇಲ್ಲದವರು ಬೇವಿನ ಕಡ್ಡಿನಾದರೂ ಇಡ್ತಿದ್ದರು. ಏನಾದ್ರೂ ಇರಬೇಕು ಅದರಲ್ಲಿ."

ಸ್ನೇಹಿತರೇ, ನಾನು ಹೇಳಬೇಕು ಅಂದ್ಕೊಂಡಿದ್ದು ಇಷ್ಟೇ. ಮಕ್ಕಳಿಗೆ ದೊಡ್ಡ ದೊಡ್ಡ ಕನ್ನಡ ಕಲಿಸೋಕೆ ಟೈಮ್ ಇಲ್ಲ ಅಂತೀವಿ. ಬಂಗಾರದ ಓಲೆ ಆಮೇಲೆ ನೋಡೋಣ. ಸದ್ಯಕ್ಕೆ ಒಂದು ಬೇವಿನ ಕಡ್ಡಿ ಇಡೋಣ. ದಿನಕ್ಕೊಂದು ಸಣ್ಣ ಪದ, ಮೈಗೆ ತಾಗೋ ಪದ. ತುರಿಕೆ, ಉರಿ, ಜುಮ್, ಚುರ್.

ಪುಣೆಗೆ ವಾಪಸ್ ಬಂದ ಮೇಲೆ ಒಂದು ಸಂಜೆ ಅಮ್ಮನ ಫೋನ್ ಬಂತು. ಕಿವಿ ಹೇಗಿದೆ ಅಂತ ಕೇಳಿದರು. ನಾನು ಉತ್ತರ ಕೊಡೋಕೆ ಮುಂಚೆ ಮಗಳು ಫೋನ್ ಕಿತ್ಕೊಂಡು ಹೇಳಿದಳು: "ಅಜ್ಜಿ, ಈಗ ಚುಚ್ಚಲ್ಲ."